ಬೆನ್ನುಹಲಗೆ

ಕೊಂಡಾಗ ದೋಣಿ ಬಿಳಿಬಿಳಿ ಹೊಳೆಯುತ್ತಿತ್ತು.
ಸೈಮಾ ಸರೋವರದಷ್ಟೇ ನಿಚ್ಚಳ ಮುಖ ಮಾಡಿಕೊಂಡು
ತೌನೊ ಹುಟ್ಟುನೆನ್ ಹೇಳಿದ್ದ:
"ಎಂಜಿನ್ ಹಳೆಯದು. ಮಿಕ್ಕದ್ದೆಲ್ಲ ಗಟ್ಟಿ."

ಅಕ್ಟೋಬರಿನಲ್ಲಿ ದಡಕ್ಕೆಳೆದು
ಸುತ್ತಿಗೆಯ ಹಿಡಿಯಿಂದ ಬೆನ್ನುಹಲಗೆಯನ್ನು ತಟ್ಟುತ್ತ ಬಂದೆ.
ಅಂಚಿನಲ್ಲಿ ಟಣ್, ಟಣ್.
ಡ್ರೈವು ಕೂತ ಜಾಗದಲ್ಲಿ
ಒದ್ದೆ ಹಿಟ್ಟಿನ ಚೀಲಕ್ಕೆ ಗುದ್ದಿದಂತೆ, ದಪ್.
ಬೋಲ್ಟು ಬಿಚ್ಚಿದರೆ ಕಾಫಿಬಣ್ಣದ ನೀರು ಜಿನುಗಿತು.
ಒಳಗಿನ ಪ್ಲೈವುಡ್ಡು ಚಮಚದಲ್ಲೇ ಬಂತು,
ನಾಯಿಕೊಡೆಯ ವಾಸನೆ ಹೊತ್ತು.
ಮೇಲೆ ಥಳುಕು, ಒಳಗೆ ಹುಳುಕು.
ಆ ಥಳುಕು ಬಳಿದ ಬ್ರಷ್ಷಿನ ಎರಡು ಕೂದಲು
ಬಣ್ಣದಲ್ಲೇ ಸಿಕ್ಕಿಕೊಂಡು ಒಣಗಿದ್ದವು.
ಒಂದನ್ನು ಕಿತ್ತು ಕಿಸೆಗೆ ಹಾಕಿಕೊಂಡೆ,
ಯಾವ ಕೋರ್ಟಿಗೆ ಎಂದು ಗೊತ್ತಿಲ್ಲದೆ.

ಚಳಿಗಾಲವಿಡೀ ಶೆಡ್ಡು.
ಹೊರಗೆ ಮೈನಸ್ ಇಪ್ಪತ್ತಾರು;
ಒಳಗೆ ಎಪಾಕ್ಸಿಗೆ ಹೀಟರು, ನನಗೆ ಕೋಟು.
ಕೆರೆದೆ, ಒಣಗಿಸಿದೆ, ಹೊಸ ಹಲಗೆ ಅಂಟಿಸಿದೆ,
ಗಾಜಿನ ಬಟ್ಟೆಯನ್ನು ಪದರ ಪದರವಾಗಿ ಹೊದಿಸಿದೆ.
ಕೈಪಿಡಿಯ ಕಟ್ಟಪ್ಪಣೆ:
ದಪ್ಪ ಐವತ್ತೇಳು ಮಿಲಿಮೀಟರು ಮೀರಕೂಡದು,
ಒಳಮೈ ಹೊರಮೈಗೆ ಎಲ್ಲೂ ಮುನಿಸಿರಕೂಡದು.
ಅಳೆದೆ. ಐವತ್ತೆಂಟು.
ಉಜ್ಜಿದೆ. ಅಳೆದೆ. ಉಜ್ಜಿದೆ.
ಆ ಒಂದು ಮಿಲಿಮೀಟರು
ಫೆಬ್ರವರಿಯೆಲ್ಲ ನನ್ನ ಮೂಗಿನಲ್ಲಿತ್ತು.

ಮೇ ತಿಂಗಳಲ್ಲಿ ಗಡ್ಡೆ ಕರಗಿ ನೀರು ಕಪ್ಪಗೆ ಕಣ್ಣುಬಿಟ್ಟಿತು.
ಹೌಸಿಂಗ್ ಕೂರಿಸುವುದು ಒಂಟಿ ಕೈಯ ಕೆಲಸವಲ್ಲ.
ಹೊರಗೊಬ್ಬ ಹೊರಬೇಕು,
ಒಳಗೊಬ್ಬ ದೋಣಿಯ ಹೊಟ್ಟೆಯಲ್ಲಿ ಮಡಚಿಕೊಂಡು ಕೂರಬೇಕು.
ಬರುತ್ತೇನೆಂದಿದ್ದ ತಮ್ಮ ಬರಲಿಲ್ಲ.
ಬಂದದ್ದು ತೌನೊ.
ಕರೆದಿರಲಿಲ್ಲ. ಊರು ಸಣ್ಣದು;
ಬಂದರಿನ ಅಂಗಡಿಯಿಂದ ಎಪಾಕ್ಸಿ ಎಷ್ಟು ಡಬ್ಬ ಹೋಯಿತು,
ಯಾರ ಮನೆಗೆ, ಯಾಕೆ,
ಎಲ್ಲರಿಗೂ ಗೊತ್ತು.
ಟವೆಲ್ಲಿನಲ್ಲಿ ಸುತ್ತಿದ್ದ ಟಾರ್ಕ್ ಪಾನಾ
ಎದೆಗವಚಿಕೊಂಡು ನಿಂತಿದ್ದ, ಎಳೆಗೂಸಿನಂತೆ.
"ಇಬ್ಬರ ಕೆಲಸ ಇದು," ಎಂದ. ಅಷ್ಟೇ.

ನಾನು ಒಳಗಿಳಿದೆ.
ಹೊಸ ಹಲಗೆಯಲ್ಲಿ ನಾನೇ ಕೊರೆದ ಕಿಂಡಿ;
ಅದರಲ್ಲಿ ಅವನ ಮುಖ, ಹಿಂದೆ ನೀರು, ಒಂದು ಬರ್ಚ್ ಮರ.
ಕಣ್ಣಿಗೆ ಕಣ್ಣು ತಾಗಿತು.
ಒಂದು ಮಾತಿಗೆ ಸಾಕಾಗುವಷ್ಟು ಹೊತ್ತು
ಆ ಕಿಂಡಿ ತೆರೆದೇ ಇತ್ತು.
ಆಮೇಲೆ ಅವನು ಬಗ್ಗಿ, ಅಲ್ಯುಮಿನಿಯಮ್ಮಿನ ಭಾರವನ್ನು
ತೊಡೆಗಾನಿಸಿ, ಉಸಿರುಕಟ್ಟಿ ಎತ್ತಿದ.
ಕಿಂಡಿ ತುಂಬಿತು. ಕತ್ತಲಾಯಿತು.

ಇನ್ನು ಬರೀ ದನಿ.
"ಬಂತಾ?"
"ಬಂತು."
"ರಬ್ಬರ್ ಬಳೆ ಮಡಿಸಿಲ್ಲ ತಾನೆ?"
"ಇಲ್ಲ."
ಎಂಟು ಬೋಲ್ಟು ನನ್ನತ್ತ ಮೂಗು ತೂರಿಸಿದವು.
ಪಾನಾವನ್ನು ಅವನು ಮೇಲಿಂದ ಹಗ್ಗದಲ್ಲಿ ಇಳಿಬಿಟ್ಟ.
ಸುತ್ತಿಬಳಸಿ ಬಿಗಿಯುವಂತಿಲ್ಲ:
ಮೇಲೊಂದು, ಅದರೆದುರು ಕೆಳಗೊಂದು,
ಎಡಕ್ಕೊಂದು, ಬಲಕ್ಕೊಂದು,
ಪ್ರತಿಯೊಂದಕ್ಕೂ ಸ್ವಲ್ಪಸ್ವಲ್ಪ.
ಸಾಕಾದಾಗ ಪಾನಾ ತಾನೇ ಹೇಳುತ್ತದೆ, ಟಕ್.
ಆರನೆಯ ನಟ್ಟಿಗೆ ಟಕ್ ಅಂದಮೇಲೂ
ನನ್ನ ಕೈ ನಿಲ್ಲಲಿಲ್ಲ.
ಐವತ್ತೇಳು ಮಿಲಿಮೀಟರಿನಾಚೆಯಿಂದ ದನಿ ಬಂತು:
"ಸಾಕು, ಕೈಸು. ಮರ ಹೊಸದು."

ಎಂಜಿನ್ನನ್ನು ಸರಪಳಿಯಲ್ಲಿ ಇಳಿಸಿದ್ದಾಯಿತು.
ಕೊನೆಗೆ ಗ್ರೀಸು ಸವರಿದ ಉಕ್ಕಿನ ಸರಳು:
ಹೊರಗಿನಿಂದ ಬೇರಿಂಗ್ ದಾಟಿ ಎಂಜಿನ್ನಿನ ಎದೆಯವರೆಗೆ
ಎರಡೇ ಬೆರಳಲ್ಲಿ ಜಾರಬೇಕು.
ಜಾರಲಿಲ್ಲ.
ಹೊರತೆಗೆದರೆ ಗ್ರೀಸು ಒಂದೇ ಮಗ್ಗುಲಲ್ಲಿ ಅಳಿಸಿತ್ತು.
ಎಂಜಿನ್ನಿನ ಮೂತಿಯನ್ನು ಕೂದಲೆಳೆಯಷ್ಟು ಎತ್ತಿದೆ.
ಮತ್ತೆ. ಮತ್ತೆ.
ರಾತ್ರಿ ಹನ್ನೊಂದಕ್ಕೂ ಬೆಳಕಿತ್ತು.
ಯಾವ ಸಲವೋ ಲೆಕ್ಕ ತಪ್ಪಿದ ಮೇಲೆ
ಸರಳು ಬೆಣ್ಣೆಗಿಳಿದ ಹಾಗೆ ಹೋಗಿ ಕೂತಿತು.
ಇಬ್ಬರೂ ನಗಲಿಲ್ಲ. ಸೊಳ್ಳೆ ಹೊಡೆದುಕೊಂಡೆವು.

ಕೈ ಒರೆಸುತ್ತ ಕೇಳಿದ,
"ಯಾವ ಬಣ್ಣ ಹಚ್ಚುತ್ತೀ?"
"ಈ ವರ್ಷ ಬಣ್ಣವಿಲ್ಲ," ಎಂದೆ.
ತಲೆಯಾಡಿಸಿದ, ನಿಧಾನ,
ಬೆಲೆ ಕೇಳಿ ಒಪ್ಪಿಕೊಂಡವನಂತೆ.

ಟವೆಲ್ಲು ಮಾತ್ರ ಹೆಗಲಿಗೇರಿಸಿ ಹೋದ.
ಪಾನಾ ನನ್ನ ಬೆಂಚಿನ ಮೇಲೇ ಇದೆ,
ಮರೆತನೋ, ಬಿಟ್ಟನೋ.
ಕೊಟ್ಟು ಬರಬೇಕು.
ಜುಲೈ ಬಂತು, ಇನ್ನೂ ಹೋಗಿಲ್ಲ.