ಹಣಿಗಿ

ಹಲ್ಲು ಮುರದ ಹಣಿಗಿ ಮ್ಯಾಲೆ
ಯಾರೋ ಉಗುರು ಎಳದಂಗ
ಮೆರ್ಸೆಸಿನ ನೀರಾಗ ರಾತ್ರಿ ಸದ್ದು.
ಕರ್ರ್. ಕರ್ರ್.
"ಅವ್ವಾ, ಇಷ್ಟೊತ್ತಿಗೆ ಯಾರು ತಲಿ ಬಾಚ್ಕೊಳ್ತಾರ?"
ತಗಡಿನ ಗ್ವಾಡಿಗೆ ಕಿವಿ ಹಚ್ಚಿ ಕೇಳಿದಳು ನೀಲವ್ವ.
ಏಳು ವರ್ಷದಾಕಿ. ತಲಿ ತುಂಬ ಸಿಮೆಂಟು.

ನಾನು ಗುಳೇದಗುಡ್ಡದ ನೇಕಾರರ ಮಗಳು.
ಮಗ್ಗಕ್ಕೂ ಹಣಿಗಿ ಐತಿ, ಅದರ ಸದ್ದ ಬ್ಯಾರೆ:
ಅದು ಬಡಿತೈತಿ, ಇದು ಕೆರಿತೈತಿ.
ದೆವ್ವ ಅಂದ್ರು ಬಾಜೂ ಶೆಡ್ಡಿನವರು.

ಮೂರನೇ ರಾತ್ರಿ, ಹಣಿಗೆ ದೀಪ ಕಟಗೊಂಡು,
ಮೊಣಕಾಲಮಟ ಬೂಟಿನಾಗ ಬಂದಾಕಿ ಅನ್ಸೆಲ್ಮಾ.
ಪಾಯದ ಕುಣಿ ದಂಡಿಗೆ ಕುಂತು
ಹುಲ್ಲಿನ ಬುಡ ಬಿಡಿಸಿ ತೋರಿಸಿದಳು.
ಕಪ್ಪಿ!
ನನ್ನ ಹೆಬ್ಬೆರಳ ಉಗುರಿಗಿಂತ ಚೂರ ದೊಡ್ಡದು,
ಬೆನ್ನ ಮ್ಯಾಲೆ ಖಣದ ದಡಿಯಂಥ ಗೆರಿ.
ಕೂಗುವಾಗ ಗಂಟಲು ಉಬ್ಬಿ
ತಾನ ಅದರ ಹಿಂದ ಮರೆಯಾತು.

ಬಾಯಿ ಸಣ್ಣದು: ಇರುವಿ, ಗೆದ್ದಲಷ್ಟ ಹಿಡಿತೈತಿ.
ಬ್ಯಾಸಗ್ಯಾಗ ಕಲ್ಲಡಿ, ನೆಲದ ಬಿರುಕಿನಾಗ ಸುಮ್ಮನ.
ಮಳಿ ಬಿದ್ದ ದಿನ ಹೊರಗ.
ನಾವು ತಿರುವುಮುರುವು, ಮಳಿಗೆ ಊರಿಗೆ ಹೋಗೋರು.
ಈ ವರ್ಷ ಹೋಗಲಿಲ್ಲ.

ತತ್ತಿ ಅಂದ್ರ ನೀರ ಮ್ಯಾಲೆ ಸಾಬೂದಾಣಿ ಕೆನಿ.
ಒಂದೂವರಿ ದಿನಕ್ಕ ಮರಿ. ಮರಿ ಅಂದ್ರ ಗಾಜು.
ಡಬ್ಬಿ ಮುಚ್ಚಳದಾಗ ತಗೊಂಡು ದೀಪ ಬಿಟ್ರ
ಸಾಸಿವಿಗಿಂತ ಸಣ್ಣದೊಂದು ಬಡಕೊಳ್ಳೂದು ಕಾಣತೈತಿ.
ನೀಲವ್ವ ತನ್ನ ಅಂಗೈ ದೀಪಕ್ಕ ಹಿಡಿದು ನೋಡಿದಳು.
ಬರೇ ಕೆಂಪು.

"ಕಪ್ಪಿ ಆಗಾಕ ಎಷ್ಟು ದಿನ?"
"ಒಂದ ತಿಂಗಳು."
ಮುಕಾದಮ ಪಂಪು ಹಚ್ಚೂದು ಶುಕ್ರವಾರ.

ಬಾಂದಿನಾಚೆ ನದಿ, ಉಪ್ಪು. ಉಪ್ಪಿಗೆ ಇವು ಸಾಯತಾವ.
ನಡುವ ಮರದ ಬಾಗಲಾ, ಭರತಕ್ಕ ಮುಚ್ಚಿ ಇಳತಕ್ಕ ತೆರಿಯೂದು.
ಇಲ್ಲಿಯವರು ಅದಕ್ಕ ಮಾನಸ್ ಅಂತಾರ.
ಮನಸು ಅಂತ ತಿಳದು ಮೊದಲ ನಕ್ಕಿದ್ದೆ.
ಈಗದು ಅರ್ಧ ಕೊಳತೈತಿ. ಕೊರ್ಗುಟ್ ಬತ್ತ ಬಿತ್ತೋರ ಇಲ್ಲ.

ಗುರುವಾರ ರಾತ್ರಿ ಬಾಂಡ್ಲಿ ತೊಳದೆ
ಸಿಮೆಂಟಿನ ವಾಸನಿ ಹೋಗೂಮಟ, ಮೂರ ಸಲ.
ಎಷ್ಟು ಮರಿ ಬಂದುವೋ. ಗಾಜು ಎಣಿಸೂದು ಹೆಂಗ?
ಚರ್ಚಿನ ಹಿಂದಿನ ಮಳಿಹೊಂಡಕ್ಕ ಸುರುವಿ ಬಂದಿವಿ.

ಶುಕ್ರವಾರ ಹೊತ್ತ ಮುಳುಗೂಮಟ ಪಂಪು ಗುಡುಗಿತು.
ಕುಣಿಯಾಗ ಕೆಸರು, ಒಂದು ಹರಕ ಚಪ್ಪಲಿ.

ರಾತ್ರಿ ನೀಲವ್ವನ ತಲಿ ಸಿಕ್ಕು ಬಿಡಸಾಕತ್ತಾಗ
ಎಲ್ಲಿಂದಲೋ, ನಾವು ಸುರುವಿದ ದಿಕ್ಕಿನಿಂದಲ್ಲ,
ಒಂದು ಕರ್ರ್.
ನಾನು ಹಣಿಗಿ ಹಲ್ಲಿನ ಮ್ಯಾಲೆ ಉಗುರು ಎಳದೆ.
ಸದ್ದ ನಿಂತಿತು.
"ಹೋತೇನ?" ಅಂದೆ.
"ತಡಿ ಅವ್ವಾ," ಅಂದಳು, "ಕೇಳಾಕತ್ತೈತಿ."