ಹದಿನೈದು ಸೆಕೆಂಡು

ಕೊನೆಯ ಲೋಕಲ್ ಹೋಗಿ
ಮೊದಲನೆಯದು ಬರುವ ತನಕ
ಕುರ್ಲಾದ ಈ ಖೋಲಿಗೆ ಮೂರು ತಾಸು ಮೌನ.
ಅಷ್ಟರಲ್ಲೇ ಹಾಡಬೇಕು,
ಕಪಾಟಿನೊಳಗೆ ತಲೆಯಿಟ್ಟು
ಅಕ್ಕನ ಸೀರೆಗಳಿಗೆ.

ಆಲಾಪ ತೆಗೆ, ಎಂದ ಮಂದಾರ.
ಹದಿನೈದು ಸೆಕೆಂಡಿನೊಳಗೆ ಪಲ್ಲವಿ ಬರದಿದ್ದರೆ
ಹೆಬ್ಬೆರಳು ಕಾಯುವುದಿಲ್ಲ.
ಷಡ್ಜಕ್ಕೇ ಏಳು ವರ್ಷ ಕೂತವಳು
ಕತ್ತರಿಸಿದೆ, ಉಗುರಿನ ಹಾಗೆ.
ನಲವತ್ತೊಂದು ಸಲ ಕೇಳಿದ್ದಾರಂತೆ.
ಇಪ್ಪತ್ತಾರು ಸಲ ನಾನೇ.

ನಿನ್ನೆ ಕೈತಪ್ಪಿ
ಕತ್ತರಿಸದ್ದೇ ಹೋಯಿತು,
ಮೊದಲ ಗಾಡಿಯ ಸೀಟಿಯ ಸಮೇತ.
ನಾಂದೇಡದಿಂದ ಯಾರೋ ಬರೆದಿದ್ದಾರೆ:
"ಆ ಸೀಟಿ ಯಾವ ಸ್ವರ, ತಾಯಿ?
ಅಪ್ಪ ಮೋಟರ್‌ಮನ್ ಆಗಿದ್ದರು.
ರಾತ್ರಿಯಿಡೀ ಅದನ್ನೇ ಕೇಳುತ್ತಿದ್ದೇನೆ."

ಹಾಡಿನ ಬಗ್ಗೆ ಒಂದು ಮಾತಿಲ್ಲ.

ಹಾರ್ಮೋನಿಯಂ ತೆಗೆದು ಹುಡುಕಿದೆ.
ಕೋಮಲ ನಿಷಾದ.
ತುಸು ಇಳಿದಿದೆ.