ಪಕ್ಕದ ಮೇಜು

ಟ್ರೆಗಾರನ್ನಿನ ಶನಿವಾರದ ಸಂತೆಯಲ್ಲಿ ನನ್ನದು ಚೀಸಿನ ಮೇಜು.
ಪಕ್ಕದಲ್ಲೇ ಎಲಿನೆಡ್. ಇಬ್ಬರಿಗೂ ಒಂದೇ ಟಾರ್ಪಾಲು;
ವೇಲ್ಸಿನ ಗಾಳಿಗೆ ಯಾರ ತತ್ವವೂ ಗೊತ್ತಿಲ್ಲ,
ಎರಡೂ ತುದಿ ಕೀಳುತ್ತದೆ.

ಕಡಲೆ ಬೆಂದ ಕಟ್ಟನ್ನು ಚೆಲ್ಲದೆ
ಮೊಟ್ಟೆಯ ಹಾಗೆ ನೊರೆಯೇಳುವ ತನಕ ಕಡೆಯುತ್ತಾಳಂತೆ,
ಬೆಳಗಿನ ನಾಲ್ಕಕ್ಕೆ, ಅಡುಗೆಮನೆಯ ಕಿಟಕಿ ಬೆವರುವಾಗ.
ಮೊದಲ ತಿಂಗಳು ಕೇಕು ಕುಸಿದು ಚಪ್ಪಲಿಯಷ್ಟೇ ದಪ್ಪ.
ನಾನು ನಕ್ಕಿದ್ದೆ. ಒಂದು ತುಂಡು ಕೊಂಡೂ ಇದ್ದೆ.

ಕೇಕಿನ ಆಚೆ ಹತ್ತಿನೂಲಿನ ಕುರಿಗಳು,
ಮರದ ಗುಂಡಿಯ ಕಣ್ಣು, ಒಂದಕ್ಕೆ ಕಿವಿ ಸೊಟ್ಟ.
ಈ ಗುಡ್ಡಗಳಲ್ಲಿ ಉಣ್ಣೆಯಿಲ್ಲದ ಕುರಿ
ಇವಳ ಮೇಜಿನ ಮೇಲೆ ಮಾತ್ರ.

ಅವಳಪ್ಪ ಇದ್ವಲ್, ನಲವತ್ತು ವರ್ಷ ಹಾಲು ಕರೆದವನು,
ವಾರವಾರವೂ ನನ್ನಲ್ಲಿ ಚೀಸ್ ಕೊಂಡು
ಮಗಳ ಮೇಜಿಗೆ ಬೆನ್ನು ಹಾಕಿ ನಡೆಯುತ್ತಿದ್ದ.
ಈ ಸಲ ಚಿಲ್ಲರೆ ಇಲ್ಲವೆಂದೆ.
ಇತ್ತು; ಡಬ್ಬಿ ಮುಚ್ಚಿಬಿಟ್ಟಿದ್ದೆ.
"ಅಲ್ಲಿ ಕೇಳು."

ನಾಣ್ಯ ಎಣಿಸಿ ಕೊಟ್ಟಳು. ಜೊತೆಗೊಂದು ತುಂಡು ಕೇಕು.
ಅಗಿದ. ಮತ್ತೂ ಅಗಿದ.
"ಹಾಲು ಯಾವುದರದು?"
"ಓಟ್ಸಿನದು."
"ಓಟ್ಸು ನಾನು ಹಸುವಿಗೆ ಹಾಕುತ್ತಿದ್ದೆ."
"ಗೊತ್ತು."
"ನಡುವೆ ಹಸುವನ್ನೇ ಬಿಟ್ಟುಬಿಟ್ಟೆಯಲ್ಲೇ!"
"ಹೌದಪ್ಪ. ಮಲಗಲಿ ಅಂತ."

ಇದ್ವಲ್ ಸೊಟ್ಟ ಕಿವಿಯ ಕುರಿಯನ್ನೆತ್ತಿಕೊಂಡ,
ಬೆರಳಲ್ಲಿ ಕಿವಿ ನೆಟ್ಟಗೆ ಮಾಡಿದ,
ಅದು ಮತ್ತೆ ಜೋತುಬಿತ್ತು.
"ಇದಕ್ಕೆಷ್ಟು?"
"ಎಂಟು ಪೌಂಡು."
"ಕಡಿಮೆಯಾಯಿತು, ಹತ್ತು ಹೇಳು" ಎಂದು ಗದರಿ
ಎಂಟೇ ಕೊಟ್ಟ.